ಹರಿಯದೆ ಉಳಿದ ಕಾಗದ

ನೋಟು ರದ್ದಾದ ಮರುವರ್ಷ, ಏಪ್ರಿಲ್ ತಿಂಗಳಲ್ಲಿ, ನಾನು ಹನ್ನೆರಡು ದಿನ ದುಬೈ ಮತ್ತು ಅಬುಧಾಬಿಯಲ್ಲಿ ಇದ್ದು ಬಂದೆ. ಅಲ್ಲಿಗೆ ಹೋದವರೆಲ್ಲ ಆ ದೊಡ್ಡ ಕಟ್ಟಡದ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ನಾನು ಅದನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ. ಧೂಳಿನಲ್ಲಿ ಅದರ ತುದಿ ಕಾಣಲಿಲ್ಲ. ನಾನು ಹೋದದ್ದು ತೀರಿಹೋದ ತಮ್ಮ ಜಯಕರನ ಬಟ್ಟೆಬರೆ ತರಲಿಕ್ಕೆ.

ಜಯ ಹದಿನೆಂಟು ವರ್ಷ ಅಬುಧಾಬಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದ. ಹಿಂದಿನ ಜೂನ್‌ನಲ್ಲಿ ಕೆಲಸದ ಮೇಜಿನ ಪಕ್ಕದಲ್ಲೇ ಕುಸಿದು ಹೋದ. ಅದೇ ಆಸ್ಪತ್ರೆಯ ನರ್ಸ್ ಶರ್ಮೇನ್ ಅವನ ಹೆಂಡತಿ. ಊರು ದಕ್ಷಿಣ ಆಫ್ರಿಕದ ಕೇಪ್‌ಟೌನ್. ಅವರಿಗೆ ಹನ್ನೊಂದು ವರ್ಷದ ಮಗಳು. ಜಯ ಅವಳಿಗೆ ನಮ್ಮ ಅಮ್ಮನ ಹೆಸರಿಟ್ಟಿದ್ದ, ಕಲ್ಯಾಣಿ. ಇವಿಷ್ಟನ್ನು ಹೀಗೆ ಸರಳವಾಗಿ ಬರೆಯಲಿಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯಿತು. ಅವನು ಕೊಟ್ಟಿದ್ದ ಮದುವೆಯ ಫೋಟೊ ಅಷ್ಟೂ ವರ್ಷ ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗೆ ಇತ್ತು. ರಜೆಗೆ ಬರುವಾಗಲೆಲ್ಲ ಅವನು ಒಬ್ಬನೇ ಬರುತ್ತಿದ್ದ. ಒಬ್ಬನೇ ಬಾ ಎಂದು ಹೇಳಿದವಳು ನಾನು.

ಅವನು ಹೋದಾಗ ಶರ್ಮೇನ್ ಫೋನ್ ಮಾಡಿ, ಶವದ ಜೊತೆ ತಾನೂ ಮಗುವೂ ಬರುತ್ತೇವೆ ಎಂದಳು. "ಈಗ ಬೇಡ, ಇಲ್ಲಿ ಜನ ನೂರು ಕೇಳ್ತಾರೆ, ಎಲ್ಲ ತಣ್ಣಗಾಗಲಿ" ಎಂದೆ. ಅವಳು "ಓಕೆ" ಎಂದಳು.

ಉತ್ತರಕ್ರಿಯೆಯ ಕಾಗದವನ್ನು ಪ್ರೆಸ್ಸಿನಲ್ಲಿ ನಿಂತು ಬರೆಸಿದವಳೂ ನಾನೇ. ಕೆಳಗೆ "ದುಃಖತಪ್ತರು" ಎಂದು ಅಕ್ಕ, ಭಾವ, ಅಳಿಯಂದಿರು, ಸೊಸೆಯಂದಿರು, ದೊಡ್ಡಪ್ಪನ ಮಕ್ಕಳು, ಎಲ್ಲರ ಹೆಸರು. ಹೆಂಡತಿಯದ್ದು, ಮಗಳದ್ದು ಇಲ್ಲ. ಬರೆಸುವಾಗ ಒಂದು ಧೈರ್ಯವಿತ್ತು. ನಮ್ಮ ಕಡೆ ಸಾವಿನ ಕಾಗದವನ್ನು ಯಾರೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಓದಿ, ಅಂಗಳದಲ್ಲೇ ಹರಿದು ಬಿಸಾಡುತ್ತಾರೆ. ಹದಿಮೂರು ದಿನ ಕಳೆದರೆ ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂದು ಹೇಳಲಿಕ್ಕೆ ಯಾರ ಕೈಯಲ್ಲೂ ಒಂದು ಪ್ರತಿ ಇರುವುದಿಲ್ಲ.

ಒಂಬತ್ತು ತಿಂಗಳ ಮೇಲೆ ಶರ್ಮೇನ್ ಮತ್ತೆ ಫೋನ್ ಮಾಡಿದಳು. ತಾವು ಕೇಪ್‌ಟೌನಿಗೆ ಮರಳುತ್ತಿದ್ದೇವೆ, ಜಯನ ಸಾಮಾನು ನೀವೇ ಬಂದು ನೋಡಿ ತೆಗೆದುಕೊಂಡು ಹೋಗಿ, ಕಲ್ಯಾಣಿಗೂ ನಿಮ್ಮನ್ನು ನೋಡಬೇಕಂತೆ ಎಂದಳು. ಸಾಮಾನಿಗಾಗಿ ಆಗಿದ್ದರೆ ನಾನು ಹೋಗುತ್ತಿರಲಿಲ್ಲ. ಆ ಮಗುವಿನ ಮುಖ ನೋಡಿ ಏನಾದರೂ ಹೇಳಬೇಕಿತ್ತು. ಏನು ಎಂದು ವಿಮಾನ ಹತ್ತುವವರೆಗೂ ಗೊತ್ತಿರಲಿಲ್ಲ.

ದುಬೈ, ವಿಮಾನ ನಿಲ್ದಾಣ

ಕೌಂಟರಿನಲ್ಲಿ ಬಿಳಿ ನಿಲುವಂಗಿಯ ಹುಡುಗ. ನನ್ನ ಮಗನಿಗಿಂತ ಚಿಕ್ಕವನು. ಒಂದು ಕ್ಯಾಮೆರಾದೊಳಗೆ ನೋಡಲು ಹೇಳಿದ. ಬೆಳಕು ಬಂದ ತಕ್ಷಣ ನಾನು ಕಣ್ಣು ಮುಚ್ಚಿದೆ. ಮತ್ತೆ ಹೇಳಿದ, ಮತ್ತೆ ಮುಚ್ಚಿದೆ. ಮೂರನೆಯ ಸಲ ಅವನು ತನ್ನ ಎರಡು ಬೆರಳಿನಿಂದ ತನ್ನದೇ ಕಣ್ಣುಗಳನ್ನು ಅಗಲಿಸಿ ತೋರಿಸಿ, "ಮಾಮಾ, ಹೀಗೆ" ಎಂದ. ಅವರಲ್ಲಿ ಅಮ್ಮನಿಗೆ ಮಾಮಾ ಎನ್ನುತ್ತಾರಂತೆ. ಹಿಂದಿನ ಸಾಲಿನವರು ನಕ್ಕರು. ಅವನು ನಗಲಿಲ್ಲ.

ಆಮೇಲೆ ವೀಸಾ ಕಾಗದದ ಮೇಲೆ ಬೆರಳಿಟ್ಟು, ಕರೆಸಿಕೊಂಡವರು ಯಾರು ಎಂದು ಕೇಳಿದ. ಆ ಕಾಗದವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಶರ್ಮೇನ್ ತನ್ನ ಹೆಸರಿನಲ್ಲಿ ತೆಗೆಸಿ ಕಳಿಸಿದ್ದು. ಸಂಬಂಧ ಎಂಬಲ್ಲಿ ಇಂಗ್ಲಿಷಿನಲ್ಲಿ "ಗಂಡನ ಅಕ್ಕ" ಎಂದಿತ್ತು. ನಾನು ಅವಳ ಹೆಸರನ್ನು ಒಂದು ದಿನದ ಕಾಗದದಲ್ಲೂ ಬರೆಸಿರಲಿಲ್ಲ. ಅವಳು ನನ್ನನ್ನು ಸರ್ಕಾರದ ಕಾಗದದಲ್ಲಿ ಬರೆದುಬಿಟ್ಟಿದ್ದಳು.

ದೇರಾ

ಕರೆದುಕೊಂಡು ಹೋಗಲು ಸದಾನಂದ ಬಂದಿದ್ದ. ಜಯನ ಹಳೆಯ ಗೆಳೆಯ, ಪಡುಬಿದ್ರಿಯವ. ಜಯನ ಶವದ ಜೊತೆ ಊರಿಗೆ ಬಂದದ್ದೂ ಅವನೇ. ದುಬೈಯ ಹಳೆಯ ಪೇಟೆ ದೇರಾದಲ್ಲಿ ಅವನ ಮನೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಕೋಣೆ ಇನ್ನೊಂದು ಸಂಸಾರಕ್ಕೆ. ಅಡುಗೆಮನೆ ಇಬ್ಬರಿಗೂ ಸೇರಿದ್ದು. ಹೆಂಡತಿ ಶೋಭಾ ಬೂತಾಯಿ ಪುಳಿಮುಂಚಿ ಮಾಡಿದ್ದಳು. ಮೀನು ಇಲ್ಲಿಯದ್ದು, ಮಸಾಲೆ ಊರಿನದ್ದು. ರುಚಿ ನಮ್ಮ ಮನೆಯದ್ದೇ.

ಸಂಜೆ ಸದಾನಂದ ಪೇಟೆ ತೋರಿಸಲು ಕರೆದುಕೊಂಡು ಹೋದ. ಚಿನ್ನದ ಅಂಗಡಿಗಳಿಗಿಂತ ನನ್ನ ಕಣ್ಣು ಹೋದದ್ದು ದೀಪದ ಕಂಬಗಳ ಮೇಲೆ. ಕಂಬಕ್ಕೆಲ್ಲ ಚೀಟಿ ಅಂಟಿಸಿದ್ದರು. ಕೋಣೆ ಬಾಡಿಗೆಗಿದೆ, ಮಂಚ ಬಾಡಿಗೆಗಿದೆ. ಕೆಳಗೆ, ಕೇರಳದ ಕುಟುಂಬಕ್ಕೆ ಮಾತ್ರ. ಫಿಲಿಪ್ಪೀನಿನ ಹೆಂಗಸರಿಗೆ ಮಾತ್ರ. ಪಾಕಿಸ್ತಾನಿ ಬ್ಯಾಚುಲರ್‌ಗೆ. ಒಂದು ಚೀಟಿ ನೋಡಿ ನಾನು ನಿಂತೆ. ಮಂಗಳೂರಿನವರಿಗೆ ಮಾತ್ರ.

"ನಮ್ಮವರದ್ದೂ ಒಂದು ಉಂಟು ನೋಡಿ ಅಕ್ಕ" ಎಂದು ಸದಾನಂದ ನಕ್ಕ. "ನಾವೂ ಏನು ಕಡಿಮೆಯಿಲ್ಲ."

"ಜಯನ ಸಂಸಾರಕ್ಕೆ ಮನೆ ಸಿಗುವುದು ಕಷ್ಟ ಆಗಿತ್ತಾ?" ಎಂದು ಕೇಳಿದೆ.

"ಆಗದೆ? ಫೋನಲ್ಲಿ ಇವ ಮಾತಾಡಿದ್ರೆ ಹೌದು ಅಂತಾರೆ. ನೋಡಲಿಕ್ಕೆ ಮೂರು ಜನ ಹೋದ್ರೆ, ಈಗ ತಾನೇ ಕೊಟ್ಟಾಯ್ತು ಅಂತಾರೆ. ಯಾವ ಚೀಟಿಗೂ ಹೊಂದುವುದಿಲ್ಲ ಮಾರಾಯ್ರೆ ಅವರು ಮೂವರು."

ಊಟಕ್ಕೆ ಕೂತಾಗ ಶೋಭಾ ತುಳುವಿನಲ್ಲಿ ಮೆಲ್ಲಗೆ ಕೇಳಿದಳು. "ಅಕ್ಕ, ತಪ್ಪು ತಿಳಿಯಬೇಡಿ. ನಮ್ಮಲ್ಲಿ ಬರಿ ತಾಯಿಯದ್ದಲ್ವಾ? ಆ ಮಗುವಿಗೆ ಯಾವ ಬರಿ?"

ಬರಿ ಎಂದರೆ ಕುಲ, ಬೇರೆಯವರು ಗೋತ್ರ ಎನ್ನುತ್ತಾರಲ್ಲ, ಹಾಗೆ. ನಮಗೆ ಅದು ತಾಯಿಯಿಂದ ಬರುತ್ತದೆ. ತಮ್ಮನ ಮಗಳು ನಮ್ಮ ಬರಿಯವಳಲ್ಲ, ಅವಳ ಅಮ್ಮನ ಬರಿಯವಳು. ಅಮ್ಮನಿಗೇ ಬರಿ ಇಲ್ಲದಿದ್ದರೆ? ಜಯನ ಮದುವೆಯ ಸುದ್ದಿ ಬಂದಾಗ ನಾನು ಅವನಿಗೆ ಬರೆದ ಕಾಗದದಲ್ಲಿ ಇದೇ ಪ್ರಶ್ನೆ ಹಾಕಿದ್ದೆ. ಈಗ ಅದನ್ನು ಇನ್ನೊಬ್ಬರ ಬಾಯಲ್ಲಿ, ಮೀನಿನ ಮುಳ್ಳು ಬಿಡಿಸುತ್ತಾ, ಕೇಳಿಸಿಕೊಂಡೆ.

"ಅವಳ ಪಾಸ್‌ಪೋರ್ಟಲ್ಲಿ ಅಪ್ಪನದ್ದೇ ದೇಶ" ಎಂದ ಸದಾನಂದ. "ಇಲ್ಲಿ ತಾಯಿಯನ್ನು ಕೇಳುವವರು ಯಾರು? ಗಡಿ ದಾಟಿದ್ರೆ ಬರಿ ತಿರುಗ್ತದೆ, ಖಲಾಸ್."

ಅಬುಧಾಬಿ ಬಸ್ಸು

ಬಸ್ ನಿಲ್ದಾಣದಲ್ಲಿ ಗಂಡಸರದ್ದು ಉದ್ದ ಸಾಲು, ಹೆಂಗಸರದ್ದು ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದು. ಮುಂದಿನ ಸೀಟುಗಳು ನಮಗೆ. ಊರಿನ ಬಸ್ಸಿನಲ್ಲೂ ಹೆಂಗಸರ ಸೀಟು ಉಂಟು. ಆದರೆ ಅಲ್ಲಿ ಕೂತಿರುವ ಗಂಡಸು ಎದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲಿ ಖಾಲಿ ಬಿಟ್ಟೇ ಹಿಂದೆ ಹೋಗುತ್ತಾರೆ.

ಡ್ರೈವರ್ ಪಾಕಿಸ್ತಾನದವನು. ಹಿಂದಿಯಲ್ಲಿ "ಕೇರಳಾ?" ಎಂದ. ಅಲ್ಲ ಎಂದೆ. "ಮದ್ರಾಸ್?" ಅಲ್ಲ ಎಂದೆ. ಮಂಗಳೂರು ಎಂದರೆ ಅವನಿಗೆ ತಿಳಿಯಲಿಲ್ಲ. "ಠೀಕ್ ಹೈ ಅಮ್ಮಾ, ಕೇರಳಾ" ಎಂದು ತಾನೇ ತೀರ್ಮಾನಿಸಿಬಿಟ್ಟ. ಪಕ್ಕದಲ್ಲಿ ಕೂತ ಕಪ್ಪು ಹೆಂಗಸು ತಾನು ಇಥಿಯೋಪಿಯದವಳು, ಮನೆಕೆಲಸ ಮಾಡುತ್ತೇನೆ ಎಂದಳು. ನಾನು ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಇದ್ದವಳು. ಮಗುವನ್ನು ಸೇರಿಸಿಕೊಳ್ಳುವಾಗ ತೂಕದ ಜೊತೆಗೆ ಜಾತಿಯನ್ನೂ ಬರೆಯುತ್ತಿದ್ದೆ. ಎಷ್ಟೋ ತಾಯಂದಿರು ಆ ಕಾಲಂ ಬಂದಾಗ ದನಿ ತಗ್ಗಿಸುತ್ತಿದ್ದರು. ನಾನು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದೆ. ಆ ಬಸ್ಸಿನಲ್ಲಿ ನನ್ನ ಕಾಲಂ ತುಂಬಿಸಿದವನು ಡ್ರೈವರ್. ಸಣ್ಣ ವಿಷಯವೇ. ಆದರೂ ಎರಡು ಗಂಟೆ ಅದೇ ತಲೆಯಲ್ಲಿ ಸುತ್ತಿತು.

ಜಯನ ಮನೆ

ಬಾಗಿಲು ತೆಗೆದದ್ದು ಕಲ್ಯಾಣಿ. ನಾನು ಬೆಚ್ಚಿದೆ. ಬಣ್ಣ ಜಯನಿಗಿಂತ ಸ್ವಲ್ಪ ತಿಳಿ. ಕಣ್ಣು ಅವಳ ಅಮ್ಮನದ್ದಿರಬೇಕು. ಆದರೆ ತಲೆ ತುಂಬ ಸುರುಳಿ ಸುರುಳಿಯಾಗಿ ನಿಂತ ಆ ಕೂದಲು ನನ್ನ ಅಮ್ಮನದ್ದು. ಅಮ್ಮನ ಕೂದಲನ್ನು ಬಾಚಲು ಆಗದೆ ಅಜ್ಜಿ ಬೈಯುತ್ತಿದ್ದಳಂತೆ. ನನಗೂ ಸ್ವಲ್ಪ ಅದೇ ಬಂದಿದೆ. ಎಣ್ಣೆ ಹಚ್ಚಿ, ಒತ್ತಿ ಕಟ್ಟಿ, ಅರುವತ್ತು ವರ್ಷ ಅಡಗಿಸಿ ಇಟ್ಟಿದ್ದೇನೆ.

"ಹಲೋ ಅತ್ತೆ" ಎಂದಳು. ಅತ್ತೆ ಎಂಬುದು ಮಾತ್ರ ಜಯ ಹೇಳುತ್ತಿದ್ದ ಹಾಗೆಯೇ ಇತ್ತು, ಮೊದಲ ಅಕ್ಷರ ಸ್ವಲ್ಪ ಎಳೆದು.

ಶರ್ಮೇನ್ ಎತ್ತರದ ಹೆಂಗಸು. ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವಳಿಗೆ ಅರ್ಧ. ಉಳಿದರ್ಧವನ್ನು ಕಲ್ಯಾಣಿ ನೋಡಿಕೊಂಡಳು. ಅವಳ ಕನ್ನಡ ಮುರುಕು. ಆದರೆ ಅಕ್ಷರ ಬರುತ್ತಿತ್ತು. ಅಲ್ಲಿ ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಅಪ್ಪ ಕೂರಿಸಿಕೊಂಡು ಕಲಿಸುತ್ತಿದ್ದನಂತೆ. ನಾನು ತಂದಿದ್ದ ಹಲಸಿನ ಹಪ್ಪಳದ ಪ್ಯಾಕೆಟನ್ನು ಕೈಗೆ ತೆಗೆದುಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

ಮರುದಿನ ನಾನೊಂದು ಪೆದ್ದು ಕೆಲಸ ಮಾಡಿದೆ. ಊರಿನ ಎಣ್ಣೆ ತಂದಿದ್ದೆನಲ್ಲ, ಹಚ್ಚುವ ಮೊದಲು ಅವಳ ಒಣ ಕೂದಲಿಗೆ ಬಾಚಣಿಗೆ ಹಾಕಿದೆ. ಬಾಚಣಿಗೆಯ ಎರಡು ಹಲ್ಲು ಮುರಿದು ಕೂದಲಲ್ಲೇ ಉಳಿದವು. ಮಗು ಅಳಲಿಲ್ಲ. "ಅತ್ತೆ, ಫಸ್ಟ್ ನೀರು, ಆಮೇಲೆ ಎಣ್ಣೆ, ಆಮೇಲೆ ಬೆರಳು" ಎಂದು ನನಗೆ ಪಾಠ ಹೇಳಿದಳು. "ಪಪ್ಪನಿಗೆ ಗೊತ್ತಿತ್ತು."

ಟ್ಯಾಕ್ಸಿಯವರು ನಿನ್ನನ್ನು ಯಾವ ದೇಶ ಎಂದು ಕೇಳುತ್ತಾರಾ ಎಂದೆ. ಅವಳಿಗೆ ಆ ಪ್ರಶ್ನೆ ಒಂದು ಆಟವಾಗಿತ್ತು. "ಇಂಡಿಯ ಅಂದ್ರೆ, ನೋ ನೋ ನೀನು ಹಾಗೆ ಕಾಣುವುದಿಲ್ಲ ಅಂತಾರೆ. ಸೌತ್ ಆಫ್ರಿಕ ಅಂದ್ರೆ, ಅವರು ಬಿಳಿ ಅಲ್ವಾ, ಇಲ್ಲಾಂದ್ರೆ ಕಪ್ಪು ಅಲ್ವಾ ಅಂತಾರೆ. ಅದಕ್ಕೆ ನಾನು ಅಬುಧಾಬಿ ಅಂತೇನೆ. ಆಗ ನಗ್ತಾರೆ."

"ನಿಜವಾಗಿ ಯಾವುದು?"

"ಅತ್ತೆ, ಅವರಿಗೆ ನಿಜ ಬೇಡ. ಟೈಂಪಾಸ್."

ಸಮುದ್ರದ ದಂಡೆ

ಅಲ್ಲಿ ಸಮುದ್ರದ ಉದ್ದಕ್ಕೂ ಕಲ್ಲು ಹಾಸಿದ ದಾರಿ, ಬೆಂಚುಗಳು. ನೀರು ನಮ್ಮ ಕಡಲಿನದ್ದೇ, ಆದರೆ ಅಲೆ ಇಲ್ಲ. ಕೆರೆಯ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಕಲ್ಯಾಣಿ ಸೈಕಲ್ ಬಿಡುತ್ತಿದ್ದಳು. ಕೂತು ಕೂತು ನಾನು ದೇರಾದ ಕಂಬದ ಚೀಟಿಗಳ ಮಾತೆತ್ತಿದೆ.

ಶರ್ಮೇನ್ ನಕ್ಕಳು. "ನಮ್ಮಮ್ಮನ ಕಾಲದಲ್ಲಿ ಕೇಪ್‌ಟೌನಿನಲ್ಲಿ ಬೋರ್ಡು ಹಾಕುತ್ತಿದ್ದದ್ದು ಸರ್ಕಾರ. ಇಲ್ಲಿ ಜನ ತಾವೇ ಗಮ್ಮು ತಂದು ಅಂಟಿಸುತ್ತಾರೆ" ಎಂದಳು. ಅವಳು ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಆಗ ಅಲ್ಲಿ ಪ್ರತಿಯೊಬ್ಬರನ್ನೂ ಸರ್ಕಾರ ಬಿಳಿಯರು, ಕರಿಯರು, ಮಿಶ್ರರು, ಇಂಡಿಯದವರು ಎಂದು ಬರೆದಿಡುತ್ತಿತ್ತು. ಬರೆದ ಹಾಗೆ ಮನೆ, ಶಾಲೆ, ಬಸ್ಸು. ಸಂಶಯ ಬಂದರೆ ಗುಮಾಸ್ತ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ತಲೆ ಅಲ್ಲಾಡಿಸಲು ಹೇಳುವುದೂ ಇತ್ತು. ಬಿದ್ದರೆ ಬಿಳಿಯ, ನಿಂತರೆ ಅಲ್ಲ. ಶರ್ಮೇನಳ ಅಜ್ಜಿಯೂ ಅಜ್ಜಿಯ ತಮ್ಮ ಪೀಟರನೂ ಒಂದೇ ದಿನ ಕಚೇರಿಗೆ ಹೋಗಿದ್ದರು. ಅಜ್ಜಿಯ ಕೂದಲಲ್ಲಿ ಪೆನ್ಸಿಲ್ ನಿಂತಿತು. ತಮ್ಮನದ್ದು ಬಿತ್ತು.

"ಒಂದೇ ತಾಯಿಯ ಮಕ್ಕಳಾ?" ಎಂದೆ.

"ಒಂದೇ ತಾಯಿ, ಒಂದೇ ತಂದೆ, ಎರಡು ರಿಜಿಸ್ಟರು. ಪೀಟರ್ ಬಿಳಿಯರ ಬಡಾವಣೆಗೆ ಹೋದ. ರಸ್ತೆಯಲ್ಲಿ ಸಿಕ್ಕಿದರೆ ಅಕ್ಕನನ್ನು ನೋಡದ ಹಾಗೆ ಹೋಗುತ್ತಿದ್ದ. ಅವರಮ್ಮ ಸತ್ತಾಗ ಬಂದಿದ್ದ. ರಸ್ತೆಯ ಆಚೆ ಬದಿಯಲ್ಲಿ, ಹ್ಯಾಟು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಈಚೆ ದಾಟಲಿಲ್ಲ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಪೀಟರನಾದರೂ ಆಚೆ ಬದಿಯಲ್ಲಿ ಬಂದು ನಿಂತಿದ್ದ. ನಾನು ಇವರಿಬ್ಬರಿಗೆ ಆ ಬದಿಯನ್ನೂ ಬಿಟ್ಟಿರಲಿಲ್ಲ.

ಮಿಶ್ರರು ಎಂದು ಕರೆಸಿಕೊಳ್ಳಲು ಈಗಲೂ ಬೇಸರವಾಗುವುದಿಲ್ಲವೇ ಎಂದು ಕೇಳಿದೆ.

"ಆ ಹೆಸರು ಕೊಟ್ಟವನು ಒಬ್ಬ ಗುಮಾಸ್ತ. ಆದರೆ ಮೂರು ತಲೆಮಾರು ನಾವು ಅದರೊಳಗೆ ಬದುಕಿದ್ದೇವೆ. ನಮ್ಮ ಅಡುಗೆ, ಹಾಡು, ಜಗಳ ಎಲ್ಲ ಅದರಲ್ಲೇ ಬೆಳೆದದ್ದು. ಈಗ ಯಾರಾದರೂ ಬಂದು, ನೀವು ಅದಲ್ಲ ಅಂದರೂ ಸಿಟ್ಟು ಬರುತ್ತದೆ." ಸೈಕಲ್ ಬಿಡುತ್ತಿದ್ದ ಮಗಳಿಗೆ ಕೈಬೀಸಿ ಹೇಳಿದಳು. "ನಮ್ಮಮ್ಮನ ಅಮ್ಮನ ಕಡೆಯ ಹಳೆಯ ಅಜ್ಜಿಯೊಬ್ಬಳನ್ನು ಗುಲಾಮಳಾಗಿ ಹಡಗಿನಲ್ಲಿ ತಂದರಂತೆ, ಇಂಡಿಯದ ಪಡುವಣ ಕರಾವಳಿಯಿಂದ. ಜಯನಿಗೆ ಹೇಳಿದಾಗ ಅವನು ಎದ್ದು ಕುಣಿದ. ತಾಯಿಯ ತಾಯಿಯ ತಾಯಿ! ಹಾಗಾದರೆ ನಿನಗೂ ಬರಿ ಉಂಟು, ಯಾವುದೆಂದು ಗೊತ್ತಿಲ್ಲ ಅಷ್ಟೆ, ಅಕ್ಕನಿಗೆ ಬರೆಯುತ್ತೇನೆ ಎಂದ. ಬರೆದನಾ?"

ಬರೆದಿದ್ದ. ನಾನು ಉತ್ತರ ಕೊಟ್ಟಿರಲಿಲ್ಲ.

ಪೆನ್ಸಿಲ್

ಸಾಮಾನು ಕಟ್ಟಿ ಮುಗಿದ ದಿನ ಮಧ್ಯಾಹ್ನ ಕಲ್ಯಾಣಿ ಆಟ ಶುರುಮಾಡಿದಳು. ಪೀಟರನ ಕಥೆ ಅವಳಿಗೂ ಗೊತ್ತಿತ್ತು. ಪೆನ್ಸಿಲ್ ತಂದು ಮೊದಲು ಅಮ್ಮನ ಕೂದಲಿಗೆ ಸಿಕ್ಕಿಸಿದಳು. ಶರ್ಮೇನ್ ತಲೆ ಅಲ್ಲಾಡಿಸಿದಳು, ಬಿತ್ತು. ತನ್ನ ಕೂದಲಿಗೆ ಸಿಕ್ಕಿಸಿಕೊಂಡಳು. ಕುಣಿದರೂ ಬೀಳಲಿಲ್ಲ. ಆಮೇಲೆ ನನ್ನ ಹಿಂದೆ ಬಂದು ತುರುಬು ಬಿಚ್ಚಿದಳು. ಸ್ನಾನ ಮಾಡಿ ಒಣಗಿದ ಕೂದಲು, ಎಣ್ಣೆ ಇರಲಿಲ್ಲ.

"ಅತ್ತೆ, ಶೇಕ್!"

ಅಲ್ಲಾಡಿಸಿದೆ. ಪೆನ್ಸಿಲ್ ನಿಂತಿತು. ಇನ್ನೂ ಜೋರಾಗಿ ಅಲ್ಲಾಡಿಸಿದೆ. ನಿಂತೇ ಇತ್ತು.

"ಅತ್ತೆ ಔಟ್! ಮಮ್ಮಿ ಆ ಕಡೆ. ನೀವು, ನಾನು ಈ ಕಡೆ ಮನೆ ಮಾಡಬೇಕು."

ಮೂವರೂ ನಕ್ಕೆವು. ಜಯ ಹೋದ ಮೇಲೆ ನಾನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಪೆನ್ಸಿಲನ್ನು ತನ್ನ ಪೆನ್ಸಿಲ್ ಪೆಟ್ಟಿಗೆಯಲ್ಲಿಡಲು ಹೋದ ಮಗು, ಅದೇ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದುಕೊಂಡು ಬಂದಳು.

ಉತ್ತರಕ್ರಿಯೆಯ ಕಾಗದ. ಸದಾನಂದ ಊರಿಂದ ತಂದು ಕೊಟ್ಟಿದ್ದನಂತೆ, ಅಪ್ಪನ ಕಾರ್ಡು ಇಟ್ಟುಕೋ ಎಂದು. ಇವಳು ಶಾಲೆಗೆ ಒಯ್ದು, ಟೀಚರಿಗೆ ಕೊಟ್ಟು ಲ್ಯಾಮಿನೇಷನ್ ಮಾಡಿಸಿದ್ದಳು. ಊರಿನಲ್ಲಿ ಒಂದೂ ಉಳಿಯದ ಕಾಗದ ಇಲ್ಲಿ ಎಷ್ಟೋ ತಿಂಗಳಿನಿಂದ ಪ್ಲಾಸ್ಟಿಕ್ಕಿನೊಳಗೆ ಹೊಳೆಯುತ್ತಿತ್ತು.

ನನ್ನ ಪಕ್ಕ ಕೂತು ಬೆರಳಿಟ್ಟು ಓದಿದಳು. ಅಕ್ಕ ಸರೋಜಿನಿ. ಭಾವ ವಿಠಲ. ಒಂದೊಂದೇ ಹೆಸರು. ಕೊನೆಯವರೆಗೆ. "ಮತ್ತು ಬಂಧುಮಿತ್ರರು" ಮುಗಿದ ಮೇಲೆ ಹಾಳೆ ತಿರುಗಿಸಿ ಖಾಲಿ ಬೆನ್ನು ನೋಡಿದಳು, ಹಿಂದೆ ಎಷ್ಟೋ ಸಲ ನೋಡಿರಬೇಕು.

"ನನ್ನ ಹೆಸರು ಇಲ್ಲ. ಮಮ್ಮಿ ಹೇಳಿದ್ಳು, ಪ್ರಿಂಟಿಂಗ್ ಮಿಸ್ಟೇಕ್ ಅಂತ. ಹೌದಾ ಅತ್ತೆ?"

ಶರ್ಮೇನ್ ಪೆಟ್ಟಿಗೆಗೆ ಟೇಪ್ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ನನಗೆ ತಪ್ಪಿಸಿಕೊಳ್ಳಲು ಅವಳೇ ದಾರಿ ಮಾಡಿಟ್ಟಿದ್ದಳು. ಹೌದು ಎಂದರೆ ಸಾಕಿತ್ತು.

"ಅಲ್ಲ ಮಗಾ" ಎಂದೆ. "ನಾನೇ ಬರೆಸಲಿಲ್ಲ."

"ಮಮ್ಮಿಯದ್ದೂ?"

"ಅವಳದ್ದೂ."

ತನ್ನ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಕೂದಲಿಗಾ?"

"ಕೂದಲಿಗಲ್ಲ."

"ಮತ್ತೆ ಯಾಕೆ?"

ಬರಿ, ಜನ, ಊರು, ಇವೆಲ್ಲ ನನ್ನ ಬಾಯಿಗೆ ಬಂದವು. ಒಂದನ್ನೂ ಆ ಮುಖಕ್ಕೆ ಹೇಳಲು ಆಗಲಿಲ್ಲ. ನನ್ನ ತುರುಬು ಬಿಚ್ಚಿಕೊಂಡೇ ಇತ್ತು. ಕಾರಣ ಇರಲಿಲ್ಲ, ತಪ್ಪು ಮಾಡಿದೆ ಎಂದೆ. ಅವಳು ಒಳಗೆ ಹೋಗಿ ಪೆನ್ನು ತಂದಳು.

"ನೀವೇ ಬರೆಯಿರಿ. ಫಸ್ಟ್ ಬರೆದದ್ದು ನೀವಲ್ವಾ?"

ನನ್ನ ಹೆಸರಿನ ಮೇಲೆ ಸ್ವಲ್ಪ ಜಾಗವಿತ್ತು. ಅಲ್ಲಿ ಬರೆದೆ. ಮಗಳು ಕಲ್ಯಾಣಿ. ಪೆನ್ನು ಜಾರಿತು, ಪ್ಲಾಸ್ಟಿಕ್ಕಿನ ಮೇಲೆ ಶಾಯಿ ಹಿಡಿಯಲಿಲ್ಲ. ಒತ್ತಿ ಮತ್ತೆ ಬರೆದೆ. ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ ಮೂಡಿದ್ದು ನನ್ನ ಕೈ ತಾಗಿ ಅಳಿಸಿತು. ಮಗು ಬಾಗಿ ನೋಡಿದಳು. ಅಳಿದುಳಿದ ಶಾಯಿಯನ್ನು ತನ್ನ ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿ, ಕಾಗದವನ್ನು ಪೆನ್ಸಿಲ್ ಪೆಟ್ಟಿಗೆಗೆ ಹಾಕಿದಳು.

"ಪರವಾಗಿಲ್ಲ ಅತ್ತೆ. ಹಾಳಾಗಬಾರದು ಅಂತ ತಾನೇ ಲ್ಯಾಮಿನೇಟ್ ಮಾಡಿಸಿದ್ದು."

ಊರು

ಅವರು ಕೇಪ್‌ಟೌನಿಗೆ ಹೋದರು. ನಾನು ಜಯನ ನಾಲ್ಕು ಅಂಗಿ, ಕನ್ನಡಕ, ಒಂದು ಕೊಡೆ ತಂದೆ. ಮಳೆಯಿಲ್ಲದ ಊರಿನಲ್ಲಿ ಅವನು ಹದಿನೆಂಟು ವರ್ಷ ಕೊಡೆ ಇಟ್ಟುಕೊಂಡಿದ್ದ.

ಜೂನ್‌ನಲ್ಲಿ ವರ್ಷಾಂತಿಕ. ಪ್ರೆಸ್ಸಿಗೆ ಹೋದೆ. "ವರ್ಷಕ್ಕೆಲ್ಲ ಯಾರು ಕಾಗದ ಹೊಡೆಸ್ತಾರೆ ಅಕ್ಕ? ಫೋನಲ್ಲಿ ಹೇಳಿದ್ರೆ ಮುಗೀತು" ಎಂದ ಪ್ರೆಸ್ಸಿನವ. ಹೊಡೆಸಲೇಬೇಕು ಎಂದೆ. ನಾನು ಬರೆದುಕೊಟ್ಟದ್ದನ್ನು ಓದಿ, "ಈ ಹೆಂಡತಿ, ಮಗಳು ಹೊಸತಲ್ವಾ? ಎಲ್ಲಿ ಹಾಕುವುದು?" ಎಂದು ಕೇಳಿದ.

"ಮೊದಲು" ಎಂದೆ. "ನನ್ನದಕ್ಕಿಂತ ಮೇಲೆ."

ಮನೆ ಮನೆಗೆ ನಾನೇ ಹೋಗಿ ಕೊಟ್ಟೆ. ಕೆಲವರು ಓದಿ ನನ್ನ ಮುಖ ನೋಡಿದರು. ಕೆಲವರು ಕೇಳಿದರು, ಹೇಳಿದೆ. ದೊಡ್ಡಪ್ಪನ ಮಗ ಮಾತಾಡದೆ ಒಳಗೆ ಹೋದ. ಹೆಚ್ಚಿನವರು ಹೆಸರುಗಳನ್ನು ಓದಲೇ ಇಲ್ಲ, ತಾರೀಕು ಮಾತ್ರ ನೋಡಿದರು. ಅಂತೂ ಊಟಕ್ಕೆ ಬಂದರು.

ಎಲ್ಲ ಮುಗಿದ ಮರುದಿನ ಬೆಳಿಗ್ಗೆ ಹಾಲಿಗೆ ಹೋದಾಗ ಪಕ್ಕದ ಮನೆಯ ಬೇಲಿಯ ಬುಡದಲ್ಲಿ ಆ ಕಾಗದ ಬಿದ್ದಿತ್ತು. ಪದ್ಧತಿಯ ಹಾಗೆ ಓದಿ ನಾಲ್ಕು ತುಂಡು ಮಾಡಿದ್ದರು. ಮಳೆಗೆ ನೆನೆದು ಮಣ್ಣಿಗೆ ಅಂಟಿಕೊಂಡಿತ್ತು. ನಾನು ಬಗ್ಗಿ ನೋಡಿದೆ. ಒಂದು ತುಂಡಿನಲ್ಲಿ "ಮಗಳು" ಎಂದಿತ್ತು. ಹೆಸರಿದ್ದ ತುಂಡು ಹುಡುಕಿದೆ, ಸಿಗಲಿಲ್ಲ.

ಕೇಪ್‌ಟೌನಿಗೂ ಒಂದು ಪ್ರತಿ ಅಂಚೆಯಲ್ಲಿ ಕಳಿಸಿದ್ದೆ. ಮುಟ್ಟಿತೋ ಇಲ್ಲವೋ, ಈವರೆಗೆ ಸುದ್ದಿಯಿಲ್ಲ. ಹಳೆಯದು ಮಾತ್ರ ಅವಳ ಪೆನ್ಸಿಲ್ ಪೆಟ್ಟಿಗೆಯಲ್ಲಿ ಇರುತ್ತದೆ. ನೀರು ಬಿದ್ದರೂ ಅದಕ್ಕೆ ಏನೂ ಆಗುವುದಿಲ್ಲ.